ಎದೆಮೂಳೆ ಕೊಯ್ಯದ ಹೃದಯದ ಆಪರೇಷನ್: ಯಾರಿಗೆ ಒಪ್ಪುತ್ತದೆ, ಎಲ್ಲಿ ಎಡವುತ್ತದೆ

ಓಪನ್ ಹಾರ್ಟ್ ಆಪರೇಷನ್ ಆದವರ ಎದೆಯ ನಡುವೆ ಒಂದು ಗೇಣುದ್ದದ ಗೆರೆ ಇರುತ್ತದೆ. ಜನ ನೋಡುವುದು ಆ ಗೆರೆಯನ್ನು. ರೋಗಿ ವಾರಗಟ್ಟಲೆ ಹೊತ್ತು ತಿರುಗುವುದು ಅದರಡಿಯ ಮೂಳೆಯನ್ನು. ಎದೆಮೂಳೆಯನ್ನು ಗರಗಸದಿಂದ ಮೇಲಿಂದ ಕೆಳಕ್ಕೆ ಸೀಳಿ, ಹೃದಯದ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ಆರರಿಂದ ಎಂಟು ಸ್ಟೀಲ್ ತಂತಿಗಳಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ, ಪೂರ್ತಿ ಗಟ್ಟಿಯಾಗಲು ಸುಮಾರು 3 ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕೈಯೂರಿ ಮಂಚದಿಂದ ಏಳುವಂತಿಲ್ಲ, ಕೊಡ ಎತ್ತುವಂತಿಲ್ಲ, ಬೈಕ್ ಓಡಿಸುವಂತಿಲ್ಲ. ಕೆಮ್ಮು ಬಂದರೂ ದಿಂಬನ್ನು ಎದೆಗೆ ಅಪ್ಪಿಕೊಳ್ಳಬೇಕು.

ಈ ಮೂಳೆಯನ್ನು ಮುಟ್ಟದೆ, ಪಕ್ಕೆಲುಬುಗಳ ಸಂದಿನಿಂದ 4ರಿಂದ 6 ಸೆಂಟಿಮೀಟರ್ ಕೊಯ್ತದಲ್ಲಿ ಹೃದಯವನ್ನು ತಲುಪುವ ವಿಧಾನ 1990ರ ದಶಕದ ಮಧ್ಯದಲ್ಲಿ ಶುರುವಾಯಿತು. ಈಗ ಬೆಂಗಳೂರಿನ ದೊಡ್ಡ ಹೃದಯ ಆಸ್ಪತ್ರೆಗಳ ಫಲಕಗಳಲ್ಲಿ ಎಂಐಸಿಎಸ್ (ಮಿನಿಮಲಿ ಇನ್ವೇಸಿವ್ ಕಾರ್ಡಿಯಾಕ್ ಸರ್ಜರಿ, ಅಂದರೆ ಸಣ್ಣ ಕೊಯ್ತದ ಹೃದಯದ ಆಪರೇಷನ್), ಕೀಹೋಲ್, ಮಿನಿ ಎಂಬ ಹೆಸರುಗಳು ಎದ್ದು ಕಾಣುತ್ತವೆ. ಒಂದು ಸೇವೆಯಾಗಿ ಇದನ್ನು ಅಳೆದರೆ ನಮ್ಮ ತೀರ್ಪು ಇಷ್ಟು: ಸರಿಯಾದ ರೋಗಿಗೆ, ಇದೇ ಕೆಲಸವನ್ನು ವಾರವಾರ ಮಾಡುವ ತಂಡದ ಕೈಯಲ್ಲಿ, ಇದು ನಿಜವಾಗಿಯೂ ಒಳ್ಳೆಯ ಆಯ್ಕೆ. ಆದರೆ ಗಾಯ ಚಿಕ್ಕದಾದ ಮಾತ್ರಕ್ಕೆ ಆಪರೇಷನ್ ಚಿಕ್ಕದಾಗುವುದಿಲ್ಲ. ಒಳಗಿನ ಕೆಲಸ ಅಷ್ಟೇ ಇರುತ್ತದೆ, ಅದನ್ನು ಮಾಡುವ ಜಾಗ ಇಕ್ಕಟ್ಟಾಗಿರುತ್ತದೆ, ಅಪಾಯದ ಒಂದು ಪಾಲು ಎದೆಯಿಂದ ತೊಡೆಸಂದಿಗೆ ಇಳಿದಿರುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ತೊಡೆಯ ನಾಳದಿಂದ ತಂತಿ ತೂರಿಸಿ ಸ್ಟೆಂಟ್ ಹಾಕುವುದು, ಬಲೂನಿನಿಂದ ವಾಲ್ವ್ ಅಗಲಿಸುವುದು, ಕೊಡೆಯಂಥ ಸಾಧನದಿಂದ ಹೃದಯದ ರಂಧ್ರ ಮುಚ್ಚುವುದು, ನಾಳದ ಮೂಲಕವೇ ಟಾವಿ ಎಂಬ ವಾಲ್ವ್ ಕೂರಿಸುವುದು ಇವೆಲ್ಲ ಕ್ಯಾಥ್ ಲ್ಯಾಬಿನ ಕೆಲಸಗಳು, ಇಲ್ಲಿನ ವಿಷಯವಲ್ಲ. ಎಂಐಸಿಎಸ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಆಪರೇಷನ್‌ಗಳಿವೆ. ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ರಿಪೇರಿ ಅಥವಾ ಬದಲಾವಣೆ, ಏಟ್ರಿಯಮ್ ಎಂಬ ಮೇಲಿನ ಎರಡು ಕೋಣೆಗಳ ನಡುವಿನ ಏಟ್ರಿಯಲ್ ರಂಧ್ರ ಮುಚ್ಚುವುದು, ಎಡ ಏಟ್ರಿಯಮ್ಮಿನಲ್ಲಿ ಬೆಳೆಯುವ ಮಿಕ್ಸೋಮಾ ಎಂಬ ಗಡ್ಡೆ ತೆಗೆಯುವುದು ಇವು ಬಲಗಡೆಯ ನಾಲ್ಕನೇ ಪಕ್ಕೆಲುಬಿನ ಸಂದಿನಿಂದ ಆಗುತ್ತವೆ. ಹೃದಯದಿಂದ ಹೊರಡುವ ದೊಡ್ಡ ಅಪಧಮನಿ ಅಯೋರ್ಟಾದ ಬಾಯಲ್ಲಿರುವ ಅಯೋರ್ಟಿಕ್ ವಾಲ್ವನ್ನು ಬಲಗಡೆಯ ಎರಡನೇ ಅಥವಾ ಮೂರನೇ ಸಂದಿನಿಂದ, ಇಲ್ಲವೇ ಎದೆಮೂಳೆಯ ಮೇಲರ್ಧವನ್ನು ಮಾತ್ರ ಇಂಗ್ಲಿಷಿನ ಜೆ ಅಕ್ಷರದ ಆಕಾರದಲ್ಲಿ ಕೊಯ್ದು ಬದಲಿಸುತ್ತಾರೆ. ಎರಡನೆಯದನ್ನೂ ಮಿನಿ ಎಂದೇ ಕರೆಯುವುದರಿಂದ ಮೂಳೆ ಕೊಯ್ಯುವುದೇ ಇಲ್ಲ ಎಂದು ಮನೆಯವರು ತಿಳಿದುಕೊಳ್ಳುತ್ತಾರೆ. ಅರ್ಧ ಮೂಳೆ ಕೊಯ್ದೇ ಇರುತ್ತಾರೆ, ಕೆಳಗಿನ ಅರ್ಧ ಗಟ್ಟಿಯಾಗಿ ಉಳಿಯುವುದರಿಂದ ಎದೆಗೂಡು ಅಲುಗಾಡುವುದು ಕಡಿಮೆ, ಅಷ್ಟೆ. ಬೈಪಾಸ್ ಆದರೆ ಎಡಗಡೆಯ ನಾಲ್ಕು ಅಥವಾ ಐದನೇ ಸಂದು. ರೋಬೋಟಿಕ್ ಎಂಬುದು ಪಕ್ಕೆಲುಬಿನ ಸಂದಿನ ಇದೇ ದಾರಿಯಲ್ಲಿ ಯಂತ್ರದ ಕೈಗಳನ್ನು ಬಳಸುವುದು. ಹಾಗಾಗಿ ಸರ್ಜನ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ನನ್ನ ಎದೆಯ ಯಾವ ಜಾಗದಲ್ಲಿ, ಎಷ್ಟು ಸೆಂಟಿಮೀಟರ್, ಮೂಳೆ ಕೊಯ್ಯುತ್ತೀರೋ ಇಲ್ಲವೋ?

ಮೈಟ್ರಲ್ ವಾಲ್ವಿನ ಆಪರೇಷನ್ ಈ ವಿಧಾನಕ್ಕೆ ಅತ್ಯಂತ ಚೆನ್ನಾಗಿ ಹೊಂದುತ್ತದೆ, ಆದ್ದರಿಂದ ಅದನ್ನೇ ಹತ್ತಿರದಿಂದ ನೋಡೋಣ. ರೋಗಿಯ ಬಲಗಡೆಯ ಬೆನ್ನಿನಡಿ ದಿಂಬು ಕೊಟ್ಟು ದೇಹವನ್ನು 20ರಿಂದ 30 ಡಿಗ್ರಿ ಎತ್ತಿ ಮಲಗಿಸುತ್ತಾರೆ. ಅರಿವಳಿಕೆ ವೈದ್ಯರು ಎರಡು ಕವಲಿನ ಉಸಿರಾಟದ ಕೊಳವೆ ಹಾಕುತ್ತಾರೆ. ಕೆಲಸದ ಹೊತ್ತಿನಲ್ಲಿ ಬಲ ಶ್ವಾಸಕೋಶವನ್ನು ಕುಗ್ಗಿಸಿ ಎಡದ್ದರಿಂದಷ್ಟೇ ಉಸಿರಾಡಿಸಲು ಇದು ಬೇಕು, ಇಲ್ಲದಿದ್ದರೆ ಶ್ವಾಸಕೋಶವೇ ಹೃದಯವನ್ನು ಮರೆಮಾಡುತ್ತದೆ. ಹೃದಯಕ್ಕೆ ಶಾಕ್ ಕೊಡುವ ಒಳ ಚಮಚಗಳು ಈ ಸಣ್ಣ ಕಿಂಡಿಯಲ್ಲಿ ಹೋಗುವುದಿಲ್ಲವಾದ್ದರಿಂದ ಶಾಕ್ ಪ್ಯಾಡುಗಳನ್ನು ಮೊದಲೇ ಎದೆಗೂ ಬೆನ್ನಿಗೂ ಅಂಟಿಸಿರುತ್ತಾರೆ. ಅನ್ನನಾಳದಲ್ಲಿ ಎಕೋ ಕೊಳವೆ ಇಳಿದಿರುತ್ತದೆ. ಇಡೀ ಆಪರೇಷನ್ನಿನಲ್ಲಿ ಅದೇ ಎರಡನೇ ಕಣ್ಣು.

ಆಮೇಲೆ ತೊಡೆಸಂದಿನಲ್ಲಿ 2–3 ಸೆಂಟಿಮೀಟರ್ ಕೊಯ್ದು ಅಲ್ಲಿನ ಅಪಧಮನಿ, ಅಭಿಧಮನಿ ಎರಡನ್ನೂ ಬಿಡಿಸುತ್ತಾರೆ. ದೇಹದ ತೂಕದ ಕಿಲೋ ಒಂದಕ್ಕೆ 300ರಿಂದ 400 ಯೂನಿಟ್ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಕೊಟ್ಟು, ರಕ್ತ ಹೆಪ್ಪುಗಟ್ಟುವ ಸಮಯ 480 ಸೆಕೆಂಡ್ ದಾಟಿದೆಯೇ ಎಂದು ನೋಡಿದ ಮೇಲೆಯೇ ಹೃದಯ, ಶ್ವಾಸಕೋಶಗಳ ಕೆಲಸ ವಹಿಸಿಕೊಳ್ಳುವ ಹಾರ್ಟ್ ಲಂಗ್ ಮಷೀನ್ ಚಾಲೂ. ಅಭಿಧಮನಿಯ ಉದ್ದನೆಯ ಕೊಳವೆ ಬಲ ಏಟ್ರಿಯಮ್ಮಿನವರೆಗೆ ಸರಿಯುತ್ತದೆ. ಅದಕ್ಕೂ ಮೊದಲು ಗೈಡ್ ವೈರ್ ಸರಿಯಾದ ಕಡೆ ಹೋಗಿದೆ ಎಂಬುದು ಎಕೋ ಪರದೆಯಲ್ಲಿ ಕಾಣಬೇಕು. ಕಾಣದಿದ್ದರೆ ಮುಂದೆ ತಳ್ಳಕೂಡದು. ಈ ಒಂದು ಶಿಸ್ತು ತಪ್ಪಿದರೆ ಹೃದಯವೋ ದೊಡ್ಡ ನಾಳವೋ ತೂತಾಗುವ ಸಂಭವವಿದೆ.

ಪಕ್ಕೆಲುಬಿನ ಸಂದನ್ನು ಮೆತ್ತನೆಯ ಪ್ಲಾಸ್ಟಿಕ್ ಉಂಗುರದಂಥ ರಿಟ್ರ್ಯಾಕ್ಟರಿನಿಂದ ಬಿಡಿಸುತ್ತಾರೆ. ಪಕ್ಕದಲ್ಲಿ ಕ್ಯಾಮರಾಕ್ಕೊಂದು, ಅಯೋರ್ಟಾವನ್ನು ಅದುಮಿ ಹಿಡಿಯುವ ಉದ್ದ ಕ್ಲ್ಯಾಂಪಿಗೊಂದು ಸಣ್ಣ ತೂತು. ಹೃದಯದ ಹೊರಚೀಲವನ್ನು ಫ್ರೆನಿಕ್ ನರಕ್ಕಿಂತ ಕನಿಷ್ಠ 2–3 ಸೆಂಟಿಮೀಟರ್ ಮುಂದೆ ತೆರೆಯಬೇಕು. ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಾದ ವಪೆಯನ್ನು ಆಡಿಸುವುದು ಈ ನರ, ಅದು ಎಳೆತಕ್ಕೆ ಸಿಕ್ಕರೆ ವಪೆ ಮೇಲೇರಿ ಕೂತು ತಿಂಗಳುಗಟ್ಟಲೆ ಏದುಸಿರು ಕಾಡುತ್ತದೆ. ಕಾರ್ಡಿಯೋಪ್ಲೀಜಿಯಾ ಎಂಬ ದ್ರಾವಣದಿಂದ ಹೃದಯ ನಿಲ್ಲುತ್ತದೆ, ಎಡ ಏಟ್ರಿಯಮ್ ತೆರೆಯುತ್ತಾರೆ. ಈ ಕೋನದಿಂದ ಮೈಟ್ರಲ್ ವಾಲ್ವ್ ಎದುರಿಗೇ ಕಾಣುತ್ತದೆ, ಎದೆ ಸೀಳಿದಾಗ ಕಾಣುವುದಕ್ಕಿಂತಲೂ ನೇರವಾಗಿ. ಮೈಟ್ರಲ್‌ಗೆ ಈ ದಾರಿ ಒಗ್ಗುವುದು ಅದಕ್ಕೇ. ವಾಲ್ವಿನ ಎಲೆಗಳನ್ನು ಹಿಡಿದಿಡುವ ದೇಹದ್ದೇ ದಾರಗಳು ಹರಿದಿದ್ದರೆ ಆ ಜಾಗದಲ್ಲಿ ಗೋರ್‌ಟೆಕ್ಸ್ ಎಂಬ ಕೃತಕ ದಾರ, ಸುತ್ತ ಒಂದು ರಿಂಗ್, ಆಮೇಲೆ ಸಲೈನ್ ತುಂಬಿ ಸೋರುತ್ತಿದೆಯೇ ಎಂಬ ಪರೀಕ್ಷೆ. ಗಾಳಿಯ ಗುಳ್ಳೆ ಮಿದುಳಿಗೆ ಹೋಗದಿರಲಿ ಎಂದು ಆ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಹರಿಸುತ್ತಲೇ ಇರುತ್ತಾರೆ. ಅದು ರಕ್ತದಲ್ಲಿ ಗಾಳಿಗಿಂತ ಬೇಗ ಕರಗುತ್ತದೆ. ಹೃದಯದ ಬಡಿತ ನಿಧಾನವಾದರೆ ಮಿಡಿಸಲು ಬೇಕಾಗುವ ಪೇಸಿಂಗ್ ತಂತಿಯನ್ನು ಕ್ಲ್ಯಾಂಪ್ ಬಿಡುವ ಮೊದಲೇ, ಹೃದಯ ಖಾಲಿ ಇರುವಾಗಲೇ ಹೊಲಿಯುವುದು ಜಾಣತನ. ಹೃದಯ ತುಂಬಿಕೊಂಡ ಮೇಲೆ ಆ ಮೂಲೆಗೆ ಕೈ ಹೋಗುವುದಿಲ್ಲ, ಹೊಲಿಗೆಯಿಂದ ರಕ್ತ ಜಿನುಗಿದರೆ ಹಿಡಿಯುವುದು ಇನ್ನೂ ಕಷ್ಟ.

ಇಷ್ಟೆಲ್ಲ ಹೇಳಿದ್ದು, ಹೊರಗಿನ ಗಾಯ ಚಿಕ್ಕದಿರುವುದಕ್ಕೆ ಒಳಗಿನ ತಂಡ ಎಷ್ಟು ಪಳಗಿರಬೇಕು ಎಂಬುದು ತಿಳಿಯಲಿ ಎಂದು. ಜರ್ಮನಿಯ ಲೈಪ್ಜಿಗ್ ಹೃದಯ ಕೇಂದ್ರದವರು ತಮ್ಮ ಸರ್ಜನ್‌ಗಳ ಸಾವಿರಾರು ಮೈಟ್ರಲ್ ಆಪರೇಷನ್‌ಗಳನ್ನು ಲೆಕ್ಕಹಾಕಿ 2013ರಲ್ಲಿ ಹೇಳಿದ್ದು: ಕೈ ಪಳಗಲು ಒಬ್ಬ ಸರ್ಜನ್‌ಗೆ 75ರಿಂದ 125 ಆಪರೇಷನ್ ಬೇಕು, ಪಳಗಿದ ಕೈ ಹಾಗೆಯೇ ಉಳಿಯಲು ವಾರಕ್ಕೆ ಒಂದಕ್ಕಿಂತ ಹೆಚ್ಚು ಮಾಡುತ್ತಿರಬೇಕು. ಆಸ್ಪತ್ರೆಯ ಒಟ್ಟು ಹೃದಯ ಆಪರೇಷನ್‌ಗಳ ಸಂಖ್ಯೆ ಕೇಳಿ ಸಮಾಧಾನ ಪಡಬಾರದು. ಈ ಸರ್ಜನ್, ಈ ಆಪರೇಷನ್, ಕಳೆದ ಒಂದು ವರ್ಷದಲ್ಲಿ ಎಷ್ಟು ಎಂದು ಕೇಳಬೇಕು. ಎಷ್ಟರಲ್ಲಿ ನಡುವೆ ಎದೆ ತೆರೆಯಬೇಕಾಗಿ ಬಂತು, ರಿಪೇರಿ ಎಂದು ಹೋದವರಲ್ಲಿ ಎಷ್ಟು ಮಂದಿಗೆ ಕೊನೆಗೆ ವಾಲ್ವ್ ಬದಲಿಸಬೇಕಾಯಿತು ಎಂಬುದನ್ನೂ ಕೇಳಬೇಕು. ಒಳ್ಳೆಯ ಸರ್ಜನ್ ಇದಕ್ಕೆ ಬೇಸರಪಡುವುದಿಲ್ಲ.

ರೋಗಿಗೆ ಆಗುವ ಲಾಭ ಏನು? ಮೂಳೆ ಕೂಡುವ ಕಾಯುವಿಕೆ ಇಲ್ಲ, ಇದೇ ಎಲ್ಲಕ್ಕಿಂತ ದೊಡ್ಡದು. ಎದೆಮೂಳೆಯ ಸೋಂಕು ಹೃದಯದ ಆಪರೇಷನ್ನಿನ ಅತ್ಯಂತ ಕ್ರೂರ ತೊಡಕುಗಳಲ್ಲೊಂದು. ಸಕ್ಕರೆ ಕಾಯಿಲೆ ಇರುವವರಿಗೂ ತೂಕ ಹೆಚ್ಚಿರುವವರಿಗೂ ಅದರ ಅಪಾಯ ಜಾಸ್ತಿ. ಮೂಳೆಯನ್ನೇ ಕೊಯ್ಯದಿದ್ದರೆ ಆ ತೊಡಕೂ ಇಲ್ಲ. ರಕ್ತ ಕೊಡಬೇಕಾಗುವುದು ಸಾಮಾನ್ಯವಾಗಿ ಕಡಿಮೆ, ಆಸ್ಪತ್ರೆಯ ವಾಸವೂ ಒಂದೆರಡು ದಿನ ಕಡಿಮೆ. ಗದ್ದೆ ಕೆಲಸದವರು, ಗಾರೆ ಕೆಲಸದವರು, ಬಸ್ ಓಡಿಸುವವರು ಕೂಲಿಗೆ ಮರಳುವ ದಿನ ಹತ್ತಿರವಾಗುತ್ತದೆ. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಸ್ತನದ ಕೆಳಗಿನ ಮಡಿಕೆಯಲ್ಲಿ ಅಡಗುವ ಗಾಯ ಸಣ್ಣ ವಿಷಯವಲ್ಲ. ಎದೆಯ ಗೆರೆ ನೋಡಿ ಮದುವೆ ಮುರಿಯುವ ಊರುಗಳಲ್ಲಿ ಅದರ ಬೆಲೆ ಅವರಿಗೇ ಗೊತ್ತು. ಒಂದು ಎಚ್ಚರ ಮಾತ್ರ ಇರಲಿ: ಇನ್ನೂ ಮೈನೆರೆಯದ ಹುಡುಗಿಯರಲ್ಲಿ ಎದೆಯ ಮುಂಭಾಗದಲ್ಲಿ ಕೊಯ್ದರೆ ಮುಂದೆ ಆ ಬದಿಯ ಸ್ತನ ಸರಿಯಾಗಿ ಬೆಳೆಯದೆ ಹೋಗಬಹುದು. ಅಂಥವರಿಗೆ ಕಂಕುಳಿನ ಕೆಳಗಿನ ಕೊಯ್ತ ಉತ್ತಮ.

ಆದರೆ ಲಾಭವನ್ನು ಇದ್ದುದಕ್ಕಿಂತ ದೊಡ್ಡದು ಮಾಡಿ ಹೇಳುವುದು ರೋಗಿಗೆ ಮಾಡುವ ಅನ್ಯಾಯ. ಬ್ರಿಟನ್ನಿನ 10 ಆಸ್ಪತ್ರೆಗಳಲ್ಲಿ 330 ಮೈಟ್ರಲ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸಣ್ಣ ಕೊಯ್ತ, ಇನ್ನೊಂದಕ್ಕೆ ಎದೆ ಸೀಳುವ ವಿಧಾನ ಮಾಡಿದ ಯುಕೆ ಮಿನಿ ಮೈಟ್ರಲ್ ಅಧ್ಯಯನ 2023ರಲ್ಲಿ ಹೊರಬಂತು. 12 ವಾರಗಳ ಹೊತ್ತಿಗೆ ದೈಹಿಕ ಸಾಮರ್ಥ್ಯದಲ್ಲಿ ಎರಡು ಗುಂಪಿಗೂ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಸಣ್ಣ ಕೊಯ್ತದವರು ಮೊದಲ ವಾರಗಳಲ್ಲಿ ಬೇಗ ಚೇತರಿಸಿಕೊಂಡರು. ಆಸ್ಪತ್ರೆಯಲ್ಲಿದ್ದ ದಿನಗಳು ಸಣ್ಣ ಕೊಯ್ತದವರಿಗೆ 5, ಎದೆ ಸೀಳಿಸಿಕೊಂಡವರಿಗೆ 6. ವಾಲ್ವ್ ರಿಪೇರಿಯ ಗುಣಮಟ್ಟವಾಗಲಿ ಒಂದು ವರ್ಷದ ಸುರಕ್ಷತೆಯಾಗಲಿ ಎರಡರಲ್ಲೂ ಸಮ. ಅಂದರೆ ಸಿಗುವುದು ಮೊದಲ ಕೆಲವು ವಾರಗಳ ಸುಖ, ಅದೂ ನುರಿತವರ ಕೈಯಲ್ಲಿ. ದಿನಗೂಲಿಯ ಮನೆಗೆ ಆ ವಾರಗಳೇ ದೊಡ್ಡ ಗಳಿಕೆ, ಒಪ್ಪೋಣ. ಸಣ್ಣ ಗಾಯದಿಂದ ಆಯಸ್ಸು ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ನೋವಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಪಕ್ಕೆಲುಬಿನ ಸಂದಿನಲ್ಲಿ ನರ ಹಾದುಹೋಗುವುದರಿಂದ ಮೊದಲ ಮೂರು ನಾಲ್ಕು ದಿನ ನೋವು ಚುಚ್ಚುವಂತಿರುತ್ತದೆ, ಒಮ್ಮೊಮ್ಮೆ ಎದೆ ಸೀಳಿದ ನೋವಿಗಿಂತ ಹರಿತವಾಗಿ. ಅರಿವಳಿಕೆ ವೈದ್ಯರು ಬೆನ್ನಿನ ಸ್ನಾಯುವಿನಡಿ ಅಥವಾ ಪಕ್ಕೆಯ ಸ್ನಾಯುವಿನಡಿ ಮರಗಟ್ಟಿಸುವ ಔಷಧ ಹಾಕಿದರೆ ಇದು ಬಹಳ ತಗ್ಗುತ್ತದೆ. ಆ ವ್ಯವಸ್ಥೆ ಇದೆಯೇ ಎಂದು ಮೊದಲೇ ವಿಚಾರಿಸಿ. ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದಿದ್ದರೆ ಶ್ವಾಸಕೋಶದ ತಳ ಕುಸಿದು ಜ್ವರ ಬರುತ್ತದೆ. ಮೂರು ಚೆಂಡುಗಳ ಸ್ಪೈರೋಮೀಟರ್ ಕೊಡುವುದು ಅದಕ್ಕಾಗಿಯೇ, ಎಚ್ಚರ ಇರುವಾಗ ಗಂಟೆಗೆ ಹತ್ತು ಬಾರಿ ಎಳೆಯಬೇಕು. ಗಾಯದ ಸುತ್ತಿನ ಮರಗಟ್ಟುವಿಕೆ ಕೆಲವು ತಿಂಗಳು ಉಳಿಯುವುದುಂಟು.

ಎಡವುವುದು ಎಲ್ಲಿ ಎಂದರೆ, ಬಹುಪಾಲು ತೊಡೆಸಂದಿನಲ್ಲಿ. ಕೊಳವೆ ತುಂಬಿದ ಅಪಧಮನಿಯಿಂದ ಕಾಲಿಗೆ ರಕ್ತ ಸಾಲದೆ ಹೋಗಬಹುದು. ಸಣಕಲು ದೇಹದ ಹೆಂಗಸರಲ್ಲಿ ನಾಳವೇ ಸಣ್ಣದಿರುವುದರಿಂದ ಅವರಲ್ಲಿ ಹೆಚ್ಚು ಜಾಗ್ರತೆ ಬೇಕು. ಕಾಲಿನ ಕಡೆಗೆ ಇನ್ನೊಂದು ಪುಟ್ಟ ಕೊಳವೆ ಬಿಡುವುದು ಇದಕ್ಕೆ ಉಪಾಯ. ನಾಳದ ಗೋಡೆ ಒಳಗೇ ಸೀಳಿಕೊಳ್ಳುವುದು ಅಪರೂಪವಾದರೂ ಭಯಂಕರ. ಇನ್ನೊಂದು, ರಕ್ತ ಕೆಳಗಿನಿಂದ ಮೇಲಕ್ಕೆ ಎದುರು ಹರಿಯುವುದರಿಂದ ಅಯೋರ್ಟಾದಲ್ಲಿ ಕೊಬ್ಬಿನ ಪದರ ಕಟ್ಟಿದವರಲ್ಲಿ ಅದು ಕಿತ್ತು ಮಿದುಳಿಗೆ ಹೋಗಿ ಸ್ಟ್ರೋಕ್ ಆಗಬಹುದು. ಹೀಗಾಗಿ ಅಯೋರ್ಟಾದಿಂದ ತೊಡೆಯ ನಾಳದವರೆಗಿನ ಸಿಟಿ ಆಂಜಿಯೋ ಮಾಡಿಸದೆ, ಅದರಲ್ಲೂ 50 ದಾಟಿದವರಿಗೆ, ಈ ಆಪರೇಷನ್ನಿಗೆ ದಿನ ಕೊಡುವ ಕಡೆ ನಮಗೆ ನಂಬಿಕೆ ಹುಟ್ಟುವುದಿಲ್ಲ. ಮನೆಗೆ ಹೋದ ಮೇಲೆ ತೊಡೆಸಂದಿನಿಂದ ತಿಳಿ ನೀರಿನಂಥ ದ್ರವ ಜಿನುಗುವುದು ಸಾಮಾನ್ಯ ದೂರು, ದುಗ್ಧನಾಳ ಕತ್ತರಿಸಿದ್ದರಿಂದ ಆಗುವಂಥದ್ದು. ಹೆಚ್ಚಿನದು ತಾನಾಗಿ ಒಣಗುತ್ತದೆ, ಕೆಂಪಾಗಿ ಕಾವೇರಿದರೆ ಮಾತ್ರ ತಡಮಾಡಬಾರದು.

ಯಾರಿಗೆ ಬೇಡ? ನಮ್ಮ ಕಡೆ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಹಳೆಯ ಕ್ಷಯ. ಎಂದೋ ಟಿಬಿಯೋ ಕೀವು ತುಂಬಿದ ನ್ಯುಮೋನಿಯಾವೋ ಆಗಿ ಬಲ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿದ್ದರೆ ಅದನ್ನು ಬಿಡಿಸುವುದರಲ್ಲೇ ಶ್ವಾಸಕೋಶ ಹರಿದು ರಕ್ತ ಸುರಿಯುತ್ತದೆ. ಇಪ್ಪತ್ತು ವರ್ಷದ ಹಿಂದೆ ಆರು ತಿಂಗಳು ಮಾತ್ರೆ ನುಂಗಿದ್ದನ್ನು ರೋಗಿ ಮರೆತಿರುತ್ತಾರೆ, ಮನೆಯವರು ನೆನಪಿಟ್ಟು ಹೇಳಬೇಕು. ಬೀಡಿ ಸೇದಿ ಶ್ವಾಸಕೋಶ ಕೆಟ್ಟವರಿಗೆ ಒಂದೇ ಶ್ವಾಸಕೋಶದ ಉಸಿರಾಟ ತಡೆಯುವುದಿಲ್ಲ. ಅಯೋರ್ಟಿಕ್ ವಾಲ್ವ್ ಜೋರಾಗಿ ಸೋರುತ್ತಿದ್ದರೆ ಹೃದಯ ನಿಲ್ಲಿಸುವ ದ್ರಾವಣ ಹಿಂದಕ್ಕೆ ಹರಿದು ಹೋಗುತ್ತದೆ. ವಾಲ್ವ್ ಜೊತೆಗೆ ಮೂರು ನಾಳದ ಬೈಪಾಸೂ ಬೇಕಾದವರಿಗೆ, ತುರ್ತಾಗಿ ಬಂದವರಿಗೆ ಎದೆಮೂಳೆಯ ದಾರಿಯೇ ಸುರಕ್ಷಿತ. ಮಧ್ಯದಲ್ಲಿ ತೊಂದರೆಯಾದರೆ ಎದೆ ತೆರೆಯುತ್ತೇವೆ ಎಂದು ಒಪ್ಪಿಗೆ ಪತ್ರದಲ್ಲಿ ಬರೆದಿರುತ್ತದೆ, ಬರೆದಿರಲೇಬೇಕು. ಸಮಯಕ್ಕೆ ಸರಿಯಾಗಿ ಎದೆ ತೆರೆಯುವ ಸರ್ಜನ್ ಸೋತವರಲ್ಲ, ಜೀವ ಉಳಿಸಿದವರು.

ಮತ್ತೆ ಕೆಲವರಿಗೆ ಆಪರೇಷನ್ನೇ ಬೇಡ. ಬಾಲ್ಯದ ಕೀಲುಜ್ವರದಿಂದ ಮೈಟ್ರಲ್ ವಾಲ್ವ್ ಕಿರಿದಾದವರು ಕರ್ನಾಟಕದಲ್ಲಿ ಇನ್ನೂ ಸಾಕಷ್ಟಿದ್ದಾರೆ. ವಾಲ್ವ್ ಮೆತ್ತಗಿದ್ದು, ಹೆಚ್ಚು ಸೋರಿಕೆ ಇಲ್ಲದೆ, ಏಟ್ರಿಯಮ್ಮಿನಲ್ಲಿ ರಕ್ತದ ಗಡ್ಡೆ ಇಲ್ಲದಿದ್ದರೆ ಬಲೂನ್ ಚಿಕಿತ್ಸೆಯೇ ಮೊದಲ ಆಯ್ಕೆ, ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ದಶಕಗಳಿಂದ ಮಾಡುತ್ತಿರುವ ಕೆಲಸ ಇದು. ಏಟ್ರಿಯಲ್ ರಂಧ್ರಗಳಲ್ಲಿ, ಗೋಡೆಯ ನಡುಭಾಗದಲ್ಲಿದ್ದು ಅಂಚು ಚೆನ್ನಾಗಿರುವ ಸೆಕುಂಡಮ್ ರಂಧ್ರಕ್ಕೆ ಕೊಡೆ ಸಾಧನ ಸಾಕು. ಸೈನಸ್ ವೀನೋಸಸ್, ಪ್ರೈಮಮ್ ಬಗೆಯ ರಂಧ್ರಗಳು ಸರ್ಜನ್ ಬಳಿಗೆ ಹೋಗುತ್ತವೆ.

ಬೈಪಾಸ್ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಬಿಗಿ. ಹೃದಯದ ಮುಂಭಾಗದ ಎಲ್‌ಎಡಿ ನಾಳಕ್ಕೆ ಎದೆಯ ಒಳಗಿನ ಎಡ ಅಪಧಮನಿಯನ್ನು ಜೋಡಿಸುವ ಒಂದೇ ಗ್ರಾಫ್ಟ್ (ರಕ್ತ ಹರಿಯಲು ಜೋಡಿಸುವ ಬದಲಿ ನಾಳ) ಆದರೆ ಎಡಗಡೆಯ ಸಣ್ಣ ಕೊಯ್ತ ಸೊಗಸಾದ ಕೆಲಸ. ಬಡಿಯುವ ಹೃದಯದ ಮೇಲೆಯೇ ಹೊಲಿಯುತ್ತಾರೆ, ಹಾರ್ಟ್ ಲಂಗ್ ಮಷೀನ್ ಬೇಕಿಲ್ಲ. ಉಳಿದ ನಾಳಕ್ಕೆ ಆಮೇಲೆ ಸ್ಟೆಂಟ್ ಹಾಕುವ ಹೈಬ್ರಿಡ್ ದಾರಿಯೂ ಇದೆ. ಹೃದಯದ ಹಿಂಬದಿಯ ನಾಳಗಳಿಗೆ ಇದೇ ಕಿಂಡಿಯಿಂದ ಮೂರು ನಾಲ್ಕು ಗ್ರಾಫ್ಟ್ ಹಾಕುವವರು ಇದ್ದಾರೆ, ಬೆರಳೆಣಿಕೆಯಷ್ಟು. ಅಂಥ ಕೈ ಸಿಗದಿದ್ದರೆ ಸಣ್ಣ ಗಾಯದ ಆಸೆಗೆ ಬೇಕಾದ ಒಂದು ಗ್ರಾಫ್ಟನ್ನು ಕೈಬಿಡಬಾರದು, ಎಲ್ಲ ನಾಳಕ್ಕೂ ರಕ್ತ ಹರಿಸುವುದೇ ಮುಖ್ಯ. ಬೈಪಾಸ್ ಆದವರಲ್ಲಿ ಎಷ್ಟೋ ಮಂದಿ ಎದೆಗಿಂತ, ಗ್ರಾಫ್ಟಿಗೆಂದು ಅಭಿಧಮನಿ ತೆಗೆದ ಕಾಲಿನ ಗಾಯದ ಬಗ್ಗೆ ದೂರುತ್ತಾರೆ. ಕ್ಯಾಮರಾ ಬಳಸಿ ಮೊಣಕಾಲ ಬಳಿಯ 2–3 ಸೆಂಟಿಮೀಟರ್ ಗಾಯದಿಂದ ಅಭಿಧಮನಿ ತೆಗೆಯುವ ವಿಧಾನ ಎದೆ ಸೀಳಿಯೇ ಬೈಪಾಸ್ ಮಾಡಿಸಿಕೊಳ್ಳುವವರಿಗೂ ಸಿಗುತ್ತದೆ. ಸಕ್ಕರೆ ಕಾಯಿಲೆಯವರು ಇದನ್ನು ಕೇಳಿ ಪಡೆಯಬೇಕು.

ದಿನ ಗೊತ್ತಾದ ಮೇಲೆ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್, ವಾರ್ಫರಿನ್ ಸಾಮಾನ್ಯವಾಗಿ 5 ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆಗಳನ್ನು ಕನಿಷ್ಠ 3 ದಿನ ಮೊದಲು ಬಿಡಬೇಕು. ಬಿಡದಿದ್ದರೆ ಸಕ್ಕರೆ ಹೆಚ್ಚಾಗಿ ಕಾಣದೆಯೇ ರಕ್ತ ಆಮ್ಲವಾಗುವ ಅಪಾಯವಿದೆ. ಹೃದಯದ ಡಾಕ್ಟರು ಬರೆದದ್ದೇ ಅದಾದ್ದರಿಂದ ಇದು ಎಷ್ಟೋ ಸಲ ಕಣ್ತಪ್ಪುತ್ತದೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಹುಳುಕು ಹಲ್ಲನ್ನು ಮೊದಲೇ ತೋರಿಸಿ ಸರಿಮಾಡಿಸಿಕೊಳ್ಳಿ, ಹೊಸ ವಾಲ್ವಿಗೆ ಸೋಂಕು ಹೋಗುವ ದಾರಿಗಳಲ್ಲಿ ಬಾಯಿಯೂ ಒಂದು.

ಹಣದ ವಿಷಯ. ಈ ವಿಧಾನಕ್ಕೆ ಬಳಸಿ ಎಸೆಯುವ ಕೊಳವೆ, ರಿಟ್ರ್ಯಾಕ್ಟರ್ ಬೇರೆಯೇ ಇರುವುದರಿಂದ ಬಿಲ್ ಏರುತ್ತದೆ. ಪ್ಯಾಕೇಜಿನಲ್ಲಿ ವಾಲ್ವ್ ಅಥವಾ ರಿಂಗಿನ ಬೆಲೆ, ಸಿಟಿ ಆಂಜಿಯೋ, ರಕ್ತ, ಹೆಚ್ಚುವರಿ ಐಸಿಯು ದಿನ ಸೇರಿವೆಯೇ, ನಡುವೆ ಎದೆ ತೆರೆದರೆ ದರ ಬದಲಾಗುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು ಸಿಗುತ್ತದೆ. ಸಣ್ಣ ಕೊಯ್ತದ ಹೆಚ್ಚುವರಿ ಸಾಮಾನು ಅದರೊಳಗೆ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕೇಳಿ. ಸಾಲ ಮಾಡಿ ಹೆಚ್ಚು ಕೊಟ್ಟು ಸಣ್ಣ ಗಾಯ ಕೊಳ್ಳಬೇಕೆಂದೇನೂ ಇಲ್ಲ. ಯೋಜನೆಯಡಿ ನುರಿತ ಸರ್ಜನ್ ಎದೆ ಸೀಳಿಯೇ ಮಾಡಿದ ರಿಪೇರಿ ವರ್ಷಗಟ್ಟಲೆ ಬಾಳುತ್ತದೆ.

ಮನೆಗೆ ಬಂದ ಮೇಲೆ ಎದೆಗಿಂತ ತೊಡೆಸಂದಿಗೆ ಹೆಚ್ಚು ಗಮನ ಕೊಡಿ. ಬೆವರು, ಸೀರೆಯ ನೆರಿಗೆ, ಬಿಗಿ ಲುಂಗಿಯ ಕಟ್ಟು ಆ ಗಾಯವನ್ನು ತೇವವಾಗಿಡುತ್ತವೆ. ಸ್ನಾನದ ನಂತರ ಒತ್ತಿ ಒರೆಸಿ ಗಾಳಿಗೆ ಆರಿಸಿ, ಸಡಿಲ ಹತ್ತಿ ಬಟ್ಟೆ ಹಾಕಿ. ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ ಹೊಲಿಗೆ ಒಣಗುವ ತನಕ ಬೇಡ, ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಳ್ಳಿ. ಬೈಕಿಗೆ ಎರಡರಿಂದ ನಾಲ್ಕು ವಾರ, ಅದೂ ಸರ್ಜನ್ ನೋಡಿ ಒಪ್ಪಿದ ಮೇಲೆ. ತಳ್ಳುವ ಎಳೆಯುವ ಭಾರದ ಕೆಲಸ ಮೆಲ್ಲನೆ ಹೆಚ್ಚಿಸಿ, ಪಕ್ಕೆ ಹಿಡಿದುಕೊಂಡರೆ ಅಲ್ಲಿಗೆ ನಿಲ್ಲಿಸಿ.

ಗಾಯ ಒಂದು ತಿಂಗಳಲ್ಲಿ ಮಾಯುತ್ತದೆ, ವಾಲ್ವಿನ ಆರೈಕೆ ಮುಗಿಯುವುದಿಲ್ಲ. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಕೂತಿದ್ದರೆ ವಾರ್ಫರಿನ್ ನುಂಗುತ್ತಾ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) 2.5ರಿಂದ 3.5ರ ನಡುವೆ ಇರಬೇಕು, ಜೀವನಪೂರ್ತಿ. ಸೊಪ್ಪು ಈ ಅಳತೆಯನ್ನು ಏರುಪೇರು ಮಾಡುತ್ತದೆಂದು ತಿನ್ನುವುದನ್ನು ಬಿಡಬೇಕಿಲ್ಲ, ವಾರವಾರ ಹೆಚ್ಚುಕಡಿಮೆ ಅಷ್ಟೇ ತಿನ್ನಬೇಕು. ಡಿಸ್ಚಾರ್ಜ್ ಕಾಗದದಲ್ಲಿ ವಾಲ್ವ್ ಅಥವಾ ರಿಂಗಿನ ಕಂಪನಿ, ಅಳತೆ, ಸೀರಿಯಲ್ ಸಂಖ್ಯೆಯ ಅಂಟುಚೀಟಿ ಇದೆಯೇ ನೋಡಿ, ಅದರ ಫೋಟೋ ಮೊಬೈಲಿನಲ್ಲಿಟ್ಟುಕೊಳ್ಳಿ. ಹಲ್ಲು ಕೀಳಿಸಲು ಹೋದಾಗ ಎದೆಯಲ್ಲಿ ಗೆರೆ ಕಾಣದಿರುವುದರಿಂದ ದಂತವೈದ್ಯರಿಗೆ ಗೊತ್ತಾಗುವುದಿಲ್ಲ. ನೀವೇ ಆ ಫೋಟೋ ತೋರಿಸಿ, ಕೀಳುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕಾದ ಆ್ಯಂಟಿಬಯಾಟಿಕ್ ಬರೆಸಿಕೊಳ್ಳಿ.